ಅತ್ತಿಗೆಯ ಸಣ್ಣ ಟ್ರ್ಯಾಕ್ಟರ್ ವ್ಯಾಪಾರ

ನಮ್ಮ ಅತ್ತಿಗೆಯ ಮುಖದಲ್ಲಿ ಗುಟ್ಟು ನಿಲ್ಲುವುದಿಲ್ಲ. ಫ್ರಿಜ್ ಅಂಗಡಿಯ ಬಾಗಿಲಲ್ಲೇ "ಅಬ್ಬಾ, ಎಷ್ಟು ಚೆನ್ನಾಗಿದೆ!" ಎಂದು ಉದ್ಗರಿಸಿ, ಆಮೇಲೆ ಚೌಕಾಸಿಗೆ ನಿಲ್ಲುವ ಹೆಂಗಸು. ಹಾಗಾಗಿ ಹಳೆಯ ಟ್ರ್ಯಾಕ್ಟರ್ ನೋಡಲು ಹೊರಟ ದಿನ ದಾರಿಯುದ್ದಕ್ಕೂ ಪಾಠ ಹೇಳಿದೆ.

"ಮಾತೆಲ್ಲ ನಂದು ಅತ್ತಿಗೆ. ನೀವು ಬಾಯಿ ಬಿಡ್ಬೇಡಿ, ನಗಲೂಬೇಡಿ."

"ಅಯ್ಯೋ, ನಾನ್ಯಾಕಪ್ಪ ನಗ್ಲಿ?" ಎಂದರು, ನಗುತ್ತಲೇ.

ಅತ್ತಿಗೆ ತರಕಾರಿ ಸಸಿ ಬೆಳೆಸಿ ಮಾರುತ್ತಾರೆ. ಮನೆ ಹಿಂದಿನ ಗುತ್ತಿಗೆ ಹೊಲ ಉಳಲು ಬಾಡಿಗೆ ಟ್ರ್ಯಾಕ್ಟರಿನವನ ದಾರಿ ಕಾಯಬೇಕು. ಅವನು ಊರವರದ್ದೆಲ್ಲ ಮುಗಿಸಿ ಬರುವಷ್ಟರಲ್ಲಿ ಮಣ್ಣು ಒಣಗಿ ಕಲ್ಲಾಗಿರುತ್ತದೆ. ಹೋದ ಸಲ ಅರ್ಧ ಹೊಲ ಪಾಳು ಬಿತ್ತು. ಈ ಸಲವೂ ಹಾಗೇ ಆದರೆ ಬೇರೆಯವರಿಗೆ ಕೊಡುವುದಾಗಿ ಹೊಲದ ಒಡೆಯರು ಖಡಾಖಂಡಿತವಾಗಿ ಹೇಳಿದ್ದರು. ಸ್ವಂತ ಗಾಡಿ ಇಲ್ಲದಿದ್ದರೆ ಹೊಲ ಕೈಬಿಟ್ಟ ಹಾಗೆಯೇ.

ಮಾರುವವರು ಹಣ್ಣಿನ ತೋಟದ ಹಿರಿಯರು. ಮೊಣಕಾಲು ನೋವಿನಿಂದ ಕ್ಲಚ್ ತುಳಿಯಲಾಗುತ್ತಿರಲಿಲ್ಲ. ಅವರು ಶೆಡ್ಡಿನ ಬಾಗಿಲು ತೆರೆದರೆ ಒಳಗೆ ಕಿತ್ತಳೆ ಬಣ್ಣದ ಪುಟ್ಟ ಗಾಡಿ. ಅತ್ತಿಗೆ ತುಟಿ ಕಚ್ಚಿಕೊಂಡರು. ಪರವಾಗಿಲ್ಲವೇ ಎಂದುಕೊಂಡೆ.

ಬಾನೆಟ್ ಮೇಲೆ ಕೈಯಿಟ್ಟರೆ ಬೆಚ್ಚಗಿತ್ತು.

"ಬೆಳಿಗ್ಗೆ ಓಡಿಸಿದ್ರಾ?"

"ಸುಮ್ನೆ ಒಂದ್ಸಲ ಸ್ಟಾರ್ಟ್ ಮಾಡ್ದೆ" ಎಂದರು ಹಿರಿಯರು, ಬೇರೆಲ್ಲೋ ನೋಡುತ್ತ.

ಬಿಸಿ ಇಂಜಿನ್ ಯಾರು ಕೀಲಿ ತಿರುಗಿಸಿದರೂ ಎದ್ದೇಳುತ್ತದೆ. ಅದರ ನಿಜ ಬಂಡವಾಳ ತಿಳಿಯುವುದು ತಣ್ಣಗಿದ್ದಾಗ. "ಆರಲಿ, ಕಾಯ್ತೀವಿ" ಎಂದು ಕಟ್ಟೆ ಮೇಲೆ ಕೂತೆ. ಅತ್ತಿಗೆಗೆ ಕೂರಲಾಗಲಿಲ್ಲ. ಗಾಡಿಯ ಸುತ್ತ ಸುತ್ತಿದರು, ದೀಪದ ಧೂಳು ಒರೆಸಿದರು, ಬಾನೆಟ್ ಮುಟ್ಟಿ ಮುಟ್ಟಿ ನೋಡಿದರು. ಕೊನೆಗೆ ಅದು ತಣ್ಣಗಾದ ಮೇಲೆ ನಾನು ಕೀಲಿ ತಿರುಗಿಸಿದರೆ ಒಂದೇ ಏಟಿಗೆ ಎದ್ದಿತು! ಹೊಗೆಯೂ ಅಷ್ಟಿಲ್ಲ. ನನಗೇ ಮೈ ಜುಮ್ಮೆಂದಿತು.

ಆದರೆ ಹಿಂದೆ ಜೋಡಿಸಿದ್ದ, ಮಣ್ಣು ಪುಡಿಮಾಡುವ ರೋಟವೇಟರ್ ಮೇಲೆತ್ತಿ ಇಂಜಿನ್ ನಿಲ್ಲಿಸಿದಾಗ ಅದು ಮೆಲ್ಲಗೆ ಕೆಳಗಿಳಿಯತೊಡಗಿತು. ಅದನ್ನು ಎತ್ತಿ ಹಿಡಿಯುವ ಲಿಫ್ಟಿನ ಸೀಲಿನಿಂದ ಎಣ್ಣೆ ಸೋರುತ್ತಿತ್ತು. ಮುಂದಿನ ಟೈರುಗಳೂ ಬೋಳು.

"ಎರಡೂವರೆ ಲಕ್ಷ" ಎಂದರು ಹಿರಿಯರು.

"ಎಲ್ಲ ಸರಿ ಇರೋ ಗಾಡಿಗೆ ಆ ರೇಟು. ಸೀಲು, ಟೈರು ಖರ್ಚು ಕಳೆದ್ರೆ ಎರಡೂಕಾಲು."

ಅವರು ಗಡ್ಡ ಕೆರೆದುಕೊಂಡರು. ಇನ್ನೇನು ದಾರಿಗೆ ಬಂದರು ಎನ್ನುವಾಗ ಹಿಂದಿನಿಂದ ಕೂಗು ಕೇಳಿಸಿತು.

"ನೋಡೋ, ನನ್ನ ಕಾಲು ಎಷ್ಟು ಸರಿಯಾಗಿ ಎಟುಕುತ್ತೆ!"

ಅತ್ತಿಗೆ ಸೀಟಿನ ಮೇಲೆ! ಮುಖವೆಲ್ಲ ಹಲ್ಲು. ನನ್ನ ವ್ಯಾಪಾರ ಮಣ್ಣುಪಾಲಾಯಿತು.

"ಅವರು ಆಗ್ಲೇ ಒಪ್ಬಿಟ್ರಲ್ಲ" ಎಂದು ಹಿರಿಯರು ಎದೆ ಸೆಟೆಸಿದರು. "ಎರಡೂವರೆ. ಒಂದು ಕಾಸೂ ಕಮ್ಮಿ ಇಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. "ಇಳೀರಿ ಅತ್ತಿಗೆ, ಹೋಗೋಣ."

"ಇಳಿಯಲ್ಲ." ಅತ್ತಿಗೆ ಹಿರಿಯರತ್ತ ತಿರುಗಿದರು. "ಖುಷಿಯಾಗಿದೆ ಯಜಮಾನ್ರೇ, ಮುಚ್ಚಿಟ್ಟು ಏನ್ಮಾಡ್ಲಿ? ಆದ್ರೆ ನಾನು ನಕ್ಕಿದ್ದಕ್ಕೆ ಸೀಲು ಸೋರೋದು ನಿಂತಿದ್ಯಾ? ಗಾಡಿಗೆ ಬೆಲೆ ಹೇಳಿ, ನನ್ನ ಖುಷಿಗಲ್ಲ."

ಹಿರಿಯರು ರೋಟವೇಟರಿನತ್ತ ನೋಡಿದರು. ಅದು ಅಷ್ಟರಲ್ಲಿ ನೆಲ ಮುಟ್ಟಿತ್ತು. ಅವರಿಗೂ ನಗು ತಡೆಯಲಾಗಲಿಲ್ಲ. "ಆಯ್ತಮ್ಮ, ಎರಡೂಕಾಲು."

ದುಡ್ಡು, ಕಾಗದಪತ್ರ ಮುಗಿದಿದ್ದೇ ತಡ, ಅತ್ತಿಗೆ ಗಾಡಿ ಹೊರಡಿಸಿದರು. ಓಡಿಸುವುದನ್ನು ತವರಲ್ಲೇ ಕಲಿತವರು. ನಾನು ಬೈಕಿನಲ್ಲಿ ಹಿಂದೆ. ಮನೆ ಬಂದರೂ ನಿಲ್ಲಿಸಲಿಲ್ಲ, ಸೀದಾ ಹೊಲಕ್ಕೇ ಇಳಿಸಿ ಉಳತೊಡಗಿದರು. ಸದ್ದು ಕೇಳಿ ಹೊಲದ ಒಡೆಯರು ಬೇಲಿ ಬಳಿ ಬಂದರು. ಹಸಿಮಣ್ಣಿನ ಸಾಲು ನೋಡುತ್ತ ನಿಂತು, ಕೊನೆಗೆ ಕೂಗಿದರು.

"ಮುಂದಿನ ವರ್ಷಾನೂ ಹೊಲ ನಿಮಗೇ!"

ಅತ್ತಿಗೆ ಕಿವಿಗೆ ಕೈ ಅಡ್ಡ ಹಿಡಿದು "ಏನಂದ್ರಿ?" ಎಂದರು. ಒಡೆಯರು ಮತ್ತೆ ಕೂಗಿದರು. "ಆಂ?" ಪಾಪ, ಗಂಟಲು ಹರಿಯುವ ಹಾಗೆ ಇನ್ನೊಮ್ಮೆ ಕೂಗಿದರು.

ನಾನು ಹತ್ತಿರ ಹೋಗಿ ರೇಗಿದೆ. "ಅಷ್ಟೂ ಕೇಳಿಸಲ್ವಾ ಅತ್ತಿಗೆ?"

"ಮೊದಲ್ನೇ ಸಲಾನೇ ಕೇಳಿಸ್ತು ಕಣೋ" ಎಂದರು, ಕಣ್ಣೊರೆಸಿಕೊಳ್ಳುತ್ತ. "ಇನ್ನೂ ಕೇಳ್ಬೇಕು ಅನ್ನಿಸ್ತು."