ರೆಫ್ರಿಯ ಪರ ಒಂದು ವಕಾಲತ್ತು

ಆ ತಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಾಸ್ಕೆಟ್‌ಬಾಲ್ ಅಂಕಣದೊಳಗೇ ನಡೆದುಬಂದಾಗ, ಇವತ್ತು ನನಗೆ ಏಟು ಖಾತ್ರಿ ಅಂದುಕೊಂಡೆ. ಮಗನ ಆಟ ನೋಡಲೆಂದೇ ಕುರ್ಡಿಯಿಂದ ರಾಯಚೂರಿಗೆ ಬಂದಿದ್ದಾಕೆ. ಮಾನ್ವಿ ತಂಡದ ಆ ಮಗನನ್ನು ಐದು ಫೌಲ್ ಆಯಿತೆಂದು ಹೊರಗೆ ಕಳಿಸಿದ ರೆಫ್ರಿ ನಾನೇ. ತಂಡವೂ ಸೋತಿತ್ತು.

ಎಂಬತ್ತರ ದಶಕದ ಶುರುವಿನ ಮಾತು. ಆ ಕಾಲೇಜು ಪಂದ್ಯ ನನಗೆ ರೆಫ್ರಿ ಪರೀಕ್ಷೆಯೂ ಆಗಿತ್ತು. ಪರೀಕ್ಷಕರಾಗಿ ಬಂದಿದ್ದ ಹಿರಿಯರು ಎಲ್ಲರೆದುರೇ ನನ್ನನ್ನು ತರಾಟೆಗೆ ತೆಗೆದುಕೊಂಡಿದ್ದರು. ಸೀಟಿ ತಡವಾಯಿತಂತೆ, ನಿಂತ ಜಾಗವೂ ತಪ್ಪಂತೆ. ನಾನು ತಲೆ ತಗ್ಗಿಸಿ ನಿಂತಿದ್ದೆ.

ಆಕೆ ನಮ್ಮಿಬ್ಬರ ನಡುವೆ ನುಗ್ಗಿದವಳೇ ನನ್ನನ್ನು ಬಿಟ್ಟು ಅವರತ್ತ ತಿರುಗಿದಳು.

“ಯಪ್ಪಾ, ಇವನಿಗ್ಯಾಕ ಬೈತೀರಿ? ಪಾಪ, ಅವಾಗಿಂದ ಹುಡುಗರ ಹಿಂದ ಓಡೇ ಓಡ್ಯಾನ. ಒಬ್ಬರರ ಇವನ ಕೈಗೆ ಚೆಂಡು ಕೊಟ್ಟಾರೇನು? ಸಿಟ್ಟು ಬಂದು ಸೀಟಿ ಊದ್ಯಾನ!”

ಹುಡುಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಕೆಯ ಮಗ ನಾಚಿ ಗೆಳೆಯರ ಹಿಂದೆ ಅಡಗಿದ. ಪರೀಕ್ಷಕರೂ ನಗು ತಡೆಯಲಾರದೆ, “ಆತು ಯವ್ವಾ, ಬೈಯೂದಿಲ್ಲ, ಪಾಸ್ ಮಾಡ್ತೀನಿ” ಎಂದರು. ಮಾಡಿದರು ಕೂಡ. ನನ್ನ ಕೆಲಸ ನೋಡಿಯೋ, ಆಕೆಯ ವಾದ ಕೇಳಿಯೋ, ಇವತ್ತಿಗೂ ಗೊತ್ತಿಲ್ಲ.

ಆಮೇಲೆ ದೇವದುರ್ಗ, ಮಾನ್ವಿ ಅಂತ ವರ್ಷಗಟ್ಟಲೆ ಪಂದ್ಯ ನಡೆಸಿದೆ. ಗೆದ್ದವರೂ ಬೈದರು, ಸೋತವರೂ ಬೈದರು. ರೆಫ್ರಿಯ ಪಾಡಿಗೆ ಮರುಗಿದವಳು ಆಕೆ ಒಬ್ಬಳೇ. ಅದೂ ತನ್ನ ಮಗನನ್ನೇ ಹೊರಗೆ ಹಾಕಿದವನಿಗಾಗಿ.