ಬಿಳಿ ಕಿವಿಯ ಮರಿ

ಶಹಾಪುರದ ಹೊಸ ಮನೆಯಲ್ಲಿ ನನ್ನ ತಂಗಿ ಶರಣಮ್ಮ ಆಡಿನ ಹಾಲಿನ ಚಹಾ ಕಾಸುತ್ತಿದ್ದಾಳೆ. ಹಿತ್ತಲಲ್ಲಿ ಈಗಲೂ ಒಂದು ಆಡು ಕಟ್ಟಿಕೊಂಡಿದ್ದಾಳೆ. ಆ ವಾಸನೆ ಮೂಗಿಗೆ ಬಡಿದರೆ ಸಾಕು, ನನ್ನ ಹೊಟ್ಟೆಯೊಳಗೆ ಉರಿಯತೊಡಗುತ್ತದೆ. ಪಿತ್ತ ಎಂದುಕೊಳ್ಳಬೇಡಿ. ಶಾಲೆಯಲ್ಲಿ ಅಕ್ಕೋರು ಎನಿಸಿಕೊಂಡು ಯಾದಗಿರಿಯ ಬಾಡಿಗೆ ಮನೆಯಲ್ಲೇ ಉಳಿದವಳಿಗೆ, ಸ್ವಂತ ಮನೆ ಮಾಡಿಕೊಂಡ ತಂಗಿಯನ್ನು ಕಂಡರೆ ಆಗುವ ಉರಿ ಇದು.

ಇದರ ಬೇರು ದೇವಾಪುರದ ನಮ್ಮ ತವರಿನಲ್ಲಿದೆ. ಬಾಣಂತನ ಮುಗಿಸಿ ಗಂಡನ ಮನೆಗೆ ಹೊರಟಾಗ ಅವ್ವ ನನಗೆ ತಾಮ್ರದ ಕೊಡ ಕೊಟ್ಟಳು. ಶರಣಮ್ಮನ ಸರದಿ ಬಂದಾಗ ಒಂದು ಹೆಣ್ಣು ಆಡಿನ ಮರಿ ಕೊಟ್ಟಳು. ಕೊಡ ಕೊಡವಾಗಿಯೇ ಉಳಿಯಿತು. ಮರಿಯನ್ನು ಶರಣಮ್ಮ ಊರಲ್ಲೇ ಒಬ್ಬರಿಗೆ ಪಾಲಿಗೆ ಬಿಟ್ಟಳು. ಸಾಕುವುದು ಅವರು, ಹುಟ್ಟಿದ್ದರಲ್ಲಿ ಅರ್ಧ ಇವಳದು. ಮರಿ ಬೆಳೆದು ಈಯಿತು, ಅದರ ಮರಿಗಳೂ ಈದವು. ಸುರಪುರದ ಸಂತೆಯಲ್ಲಿ ಹೋತ ಮಾರಿದಾಗಲೆಲ್ಲ ರೊಕ್ಕ ಬ್ಯಾಂಕಿಗೆ ಕಟ್ಟಿದಳು. ನಾನು ಹುಣಸೆಹಣ್ಣು ಹಚ್ಚಿ ಕೊಡ ತಿಕ್ಕುತ್ತ ಕೂತೆ.

ಅವಳ ಗಂಡ ಬಸ್ ಡ್ರೈವರ್. ಅವನ ಪಗಾರದ ಮೇಲೆ ಮನೆ ಸಾಲ ಸಿಗುವಂತಿತ್ತು. ಆದರೆ ಕೈಯಿಂದ ಹಾಕುವ ಮುಂಗಡ ಎಲ್ಲಿಂದ ಬಂತೆಂದು ಬ್ಯಾಂಕಿನವರು ಪುರಾವೆ ಕೇಳಿದರು. ಆಡಿಗೆ ರಸೀದಿ ಎಲ್ಲಿಯದು? ಪಾಲಿಗೆ ಸಾಕಿದವರೂ ತೀರಿಹೋಗಿದ್ದರು, ಅವ್ವನೂ ಇರಲಿಲ್ಲ. ಪುರಾವೆ ಸಿಗದಿದ್ದರೆ ಮನೆ ಕೈತಪ್ಪುತ್ತಿತ್ತು.

"ಯಕ್ಕಾ, ನೀ ಬಂದು ಒಂದ್ ಮಾತು ಹೇಳು. ನಿನ್ನ ಬಿಟ್ರ ಯಾರಿಗಿ ಗೊತ್ತದ?" ಎಂದು ಫೋನು ಮಾಡಿದಳು.

ನನ್ನ ಹೊಟ್ಟೆ ಉರಿಸಿದ ಆಡಿಗೆ ನಾನೇ ಸಾಕ್ಷಿ ಹೇಳಬೇಕು. ಮನಸ್ಸಿಲ್ಲದ ಮನಸ್ಸಿನಿಂದ ಬ್ಯಾಂಕಿಗೆ ಹೋದೆ.

"ಆಡು ಕೊಟ್ಟದ್ದು ನೀವು ಕಣ್ಣಾರೆ ನೋಡೀರೇನ್ರಿ, ಅಕ್ಕೋರ?" ಎಂದರು ಮ್ಯಾನೇಜರು.

ನೋಡದೆ ಇರುತ್ತೇನೆಯೇ? ಕರಿ ಮರಿ, ಎಡಗಿವಿ ಬಿಳಿ, ಕೊರಳಿಗೆ ಅವ್ವನ ಹಳೆಯ ಸೀರೆಯ ಹಸಿರು ಅಂಚು. ಅದು ಎಂದು ಈಯಿತು, ಯಾವ ಬಕ್ರೀದಿಗೆ ಯಾವ ಹೋತ ಹೋಯಿತು, ಎಷ್ಟಕ್ಕೆ ಹೋಯಿತು, ಎಲ್ಲ ತಡವರಿಸದೆ ಹೇಳಿದೆ. ಮ್ಯಾನೇಜರು ಅವಳು ಹಣ ಕಟ್ಟಿದ ದಿನಗಳನ್ನು ಕಂಪ್ಯೂಟರಿನಲ್ಲಿ ತಾಳೆ ನೋಡುತ್ತ ತಲೆಯಾಡಿಸಿದರು. ಹೊಟ್ಟೆಕಿಚ್ಚಿನವರಿಗೆ ಎಂಥ ನೆನಪಿರುತ್ತದೆ ಎಂಬುದು ನಿಮಗೂ ಗೊತ್ತಿದ್ದೀತು. ಹೇಳಿದ್ದನ್ನೆಲ್ಲ ಬರೆದು ಸಹಿ ಹಾಕಿದೆ.

"ನಿಮಗೇನ ಕೊಟ್ಟಾರ್ರಿ ನಿಮ್ಮ ತಾಯಿ?" ಮ್ಯಾನೇಜರು ನಗುತ್ತ ಕೇಳಿದರು.

ತಾಮ್ರದ ಕೊಡದ ಮಾತೆತ್ತಲು ಬಾಯಿ ತೆರೆದೆ. ಅಷ್ಟರಲ್ಲಿ ಶರಣಮ್ಮನೇ ಹೇಳಿದಳು: "ಅಕಿಗಿ ಸಾಲಿ ಕಲಿಸ್ಯಾಳ್ರಿ. ಅಕಿ ಸಾಲಿಗಿ ಹೋಗ್ತಿದ್ಳು, ನಾ ಆಡು ಕಾಯ್ಲಾಕ ಹೋಗ್ತಿದ್ದೆ."

ಅವಳ ಕಣ್ಣು ನನ್ನ ಸಹಿಯ ಮೇಲಿತ್ತು. ಆ ದನಿ ನನಗೆ ಚೆನ್ನಾಗಿ ಗೊತ್ತು. ಬಿಳಿ ಕಿವಿಯ ಮರಿಯ ಸುದ್ದಿ ಬಂದಾಗಲೆಲ್ಲ ಅದು ನನ್ನ ಗಂಟಲಿನಿಂದಲೇ ಹೊರಡುತ್ತಿತ್ತು.

ಉರಿ ಆರಿದೆ ಎಂದರೆ ಸುಳ್ಳಾದೀತು. ಈ ಅಡುಗೆಮನೆಯ ದೊಡ್ಡ ಕಿಟಕಿ ಕಂಡರೆ ನನಗೆ ಈಗಲೂ ಆಗುವುದಿಲ್ಲ. ಶರಣಮ್ಮ ಚಹಾ ಕೊಟ್ಟು ಎದುರಿಗೆ ಕೂತಿದ್ದಾಳೆ. ನಾನು ಮಕ್ಕಳ ಉತ್ತರಪತ್ರಿಕೆ ತಿದ್ದುತ್ತಿದ್ದೇನೆ. ಅವಳು ನನ್ನ ಕೆಂಪು ಪೆನ್ನು ಓಡುವುದನ್ನೇ ನೋಡುತ್ತಿದ್ದಾಳೆ. ಇಷ್ಟು ವರ್ಷ ಆ ನೋಟ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಪೆನ್ನು ಬದಿಗಿಟ್ಟು, "ಇನ್ನೊಂದೀಟು ಚಾ ಹಾಕು," ಎಂದೆ.