ಬಾಣಂತಿಗೆ ಮೆಣಸಿನ ಸಾರು

ವಿಜಯನಗರದ ನಮ್ಮ ಬಾಡಿಗೆ ಮನೆಯ ಅಡುಗೆಮನೆ ಕಿಟಕಿಯಿಂದ ಪಕ್ಕದ ಸೈಟು ಕಾಣುತ್ತಿತ್ತು. ಎಂಬತ್ತರ ದಶಕದ ಮೊದಲ ವರ್ಷಗಳು. ಸುತ್ತೆಲ್ಲ ಮನೆಗಳು ಏಳುತ್ತಿದ್ದವು. ಆ ಸೈಟಿನ ಶೀಟಿನ ಶೆಡ್ಡಿನಲ್ಲಿ ಕೂಲಿ ಕೆಲಸದ ಗಂಡ ಹೆಂಡತಿ ಇದ್ದರು. ಕ್ರಿಸ್ಮಸ್ ಹತ್ತಿರವಾದಾಗ, ಆ ಚಳಿಯಲ್ಲಿ, ಆಕೆಗೆ ಅಲ್ಲೇ ಹೆರಿಗೆಯಾಯಿತು. ಒಂದು ಕಂಬಳಿ, ಒಂದಿಷ್ಟು ಬ್ರೆಡ್ಡು ಕೊಟ್ಟು ಬಂದಿದ್ದೆ. ಮಗುವಿನ ಅಳು ಮೊದಲು ಬೀದಿಗೆಲ್ಲ ಕೇಳುವಷ್ಟಿತ್ತು, ಬರಬರುತ್ತ ಸಣ್ಣಗಾಯಿತು. ತಾಯಿಗೆ ಹಾಲು ಸರಿಯಾಗಿ ಇಳಿದಿಲ್ಲವೆಂದು ಗಂಡ ಹೇಳಿದ್ದ. ಹಬ್ಬದ ಹಿಂದಿನ ದಿನ ಕಜ್ಜಾಯ ಬೇಯಿಸುತ್ತಿದ್ದರೂ ನನ್ನ ಕಿವಿ ಕಿಟಕಿಯ ಕಡೆಗೇ ಇತ್ತು. ಅತ್ತರೂ ಭಯ, ಅಳದಿದ್ದರೂ ಭಯ.

ಅಂದು ಸಂಜೆ, ಯೇಸು ಹುಟ್ಟಿದ ಕೊಟ್ಟಿಗೆಯಂತೆ ನಾವು ಗೊಂಬೆಗಳಿಟ್ಟು ಕಟ್ಟಿದ್ದ ಗೋದಲಿ ನೋಡಲು ಮನೆ ಓನರ್ ಅಜ್ಜಿ ಬಂದರು. ಪಕ್ಕದ ಮಾರೇನಹಳ್ಳಿಯಲ್ಲಿದ್ದ ಹಳೇ ಬೇಸಾಯದ ಮನೆಯವರು. ಗೋದಲಿಗೆ ಹುಲ್ಲು ಕೊಟ್ಟಿದ್ದು ಅವರೇ. ಗೋದಲಿಯ ಅಲಂಕಾರಕ್ಕೆಂದು ತೆಂಗಿನ ಚಿಪ್ಪಿನಲ್ಲಿ ನಾನು ಬೆಳೆಸಿದ್ದ ರಾಗಿ ಪೈರನ್ನು ಸವರಿ ನೋಡಿ, "ನಿಂಗ್ಯಾರಮ್ಮ ಹೇಳ್ಕೊಟ್ರು ಬೇಸಾಯ?" ಎಂದು ನಕ್ಕರು. ಆಮೇಲೆ ಹುಲ್ಲಿನ ಮೇಲೆ ಬಗ್ಗಿ, "ತಾಯಿ ಇದಾಳೆ, ದನ ಇದಾವೆ. ಮಗು ಎಲ್ಲಿ?"

ರಾತ್ರಿ ಪೂಜೆ ಆಗುವವರೆಗೆ ನಾವು ಬಾಲಯೇಸುವನ್ನು ಇಡುವುದಿಲ್ಲ. "ಇವತ್ತು ರಾತ್ರಿ ಹುಟ್ಟುತ್ತೆ ಅಜ್ಜಿ" ಅಂದೆ. ಅವರು ತಲೆಯಾಡಿಸಿ ಹೋದರು.

ಬೆಳಿಗ್ಗೆ ನಲ್ಲಿಯಲ್ಲಿ ನೀರು ಬಂತು. ಹಬ್ಬದ ದಿನ ನೀರು! ದೇವರಿಗೆ ಸ್ತೋತ್ರ ಹೇಳಿ ಹಂಡೆ ತುಂಬಿಸಿ ಒಲೆ ಹಚ್ಚಿದೆ. ಅಷ್ಟರಲ್ಲಿ ಅಜ್ಜಿ ಬಂದರು, ಕೈಯಲ್ಲಿ ಮುಚ್ಚಿದ ತಟ್ಟೆ. ಬಿಸಿ ಅನ್ನ, ಮೆಣಸು ಬೆಳ್ಳುಳ್ಳಿಯ ಸಾರು, ಮೇಲೆ ತುಪ್ಪ.

"ಇದ್ಯಾರಿಗಜ್ಜಿ?"

"ಇನ್ಯಾರಿಗೆ, ಬಾಣಂತಿಗೆ." ತಟ್ಟೆಯನ್ನು ಗೋದಲಿಯಲ್ಲಿದ್ದ ಯೇಸುವಿನ ತಾಯಿ ಮರಿಯಮ್ಮನ ಮುಂದೆ ಇಟ್ಟರು. "ಹಸೀ ಬಾಣಂತಿ ಕಣಮ್ಮ. ಈ ಚಳೀಲಿ ಮಂಡಿಯೂರ್ಸಿದೀರ, ಕಿವಿಗೊಂದು ಬಟ್ಟೆ ಕಟ್ಟಿಲ್ಲ. ನಿಮ್ಮೋರು ಹಿಂಗೇನಾ ನೋಡ್ಕೊಳೋದು?"

ನಮ್ಮೆಜಮಾನರಿಗೆ ನಗು ತಡೆಯಲಿಲ್ಲ. "ಅದು ಮಣ್ಣಿನ ಗೊಂಬೆ ಅಜ್ಜಿ."

"ನಂಗೊತ್ತಿಲ್ವೇನಪ್ಪ? ನಮ್ಮನೆ ಗೌರಮ್ಮನೂ ಮಣ್ಣಿಂದೇ. ಹಂಗಂತ ತವರಿಗೆ ಬಂದೋಳನ್ನ ಉಪವಾಸ ಕಳಿಸ್ತೀವಾ?"

ಹುಟ್ಟಿದಾಗಿನಿಂದ ಗೋದಲಿ ಕಟ್ಟಿದವಳು ನಾನು. ಮರಿಯಮ್ಮನಿಗೆ ಹೆತ್ತ ಮಾರನೆ ಬೆಳಿಗ್ಗೆ ಉಣ್ಣಲು ಏನಿತ್ತೆಂದು ನನ್ನ ತಾಯಿಯೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಕಿಟಕಿಯಾಚೆ ಸಣ್ಣಗೆ ಒಂದು ಅಳು ಕೇಳಿ ನಿಂತುಹೋಯಿತು.

"ಯಾರ ಮಗು ಅದು?" ಅಜ್ಜಿ ತಿರುಗಿದರು. ಶೆಡ್ಡಿನ ವಿಷಯ ಹೇಳಿದೆ. "ಅವಳಿಗೆ ಯಾರಿದಾರೆ?"

"ಗಂಡ ಒಬ್ನೇ."

ಇಬ್ಬರೂ ತಟ್ಟೆ ನೋಡಿದೆವು. ನೈವೇದ್ಯಕ್ಕಿಟ್ಟಿದ್ದನ್ನು ಮುಟ್ಟಬಹುದೋ ಬಾರದೋ ಎಂದು ನಾನು ಅನುಮಾನಿಸಿದೆ.

"ತಗೋ ತಗೋ. ಆಯಮ್ಮ ಬೇಡ ಅನ್ನಲ್ಲ. ಹಂಡೆ ನೀರು ತುಂಬ್ಕೊಂಬಾ."

ಶೆಡ್ಡಿನೊಳಗೆ ಖಾಲಿ ಸಿಮೆಂಟ್ ಚೀಲಗಳ ಮೇಲೆ ಆ ಹುಡುಗಿ ಮುದುಡಿ ಮಲಗಿದ್ದಳು. ಅಜ್ಜಿ ಅವಳನ್ನು ಎಬ್ಬಿಸಿ ಕೂರಿಸಿ, ಅನ್ನ ಕಲಸಿ, ಬೈಯುತ್ತ ಬೈಯುತ್ತ ತುತ್ತಿಟ್ಟರು. ತಟ್ಟೆ ಖಾಲಿಯಾಯಿತು. ಆಮೇಲೆ ನೆಲದ ಮೇಲೆ ಕಾಲು ಚಾಚಿ, ಮಗುವನ್ನು ಮೊಣಕಾಲ ಮೇಲೆ ಮಲಗಿಸಿಕೊಂಡರು. ಬೇರೆಯವರ ಪುರುಡಿನ ಮೈಲಿಗೆ ಮುಟ್ಟುವ ಮನೆಯಲ್ಲ ಅವರದು. "ಸೊಸೆ ಕೇಳಿದ್ರೆ ಸ್ನಾನ ಮಾಡ್ಕೋತೀನಿ ಬಿಡು" ಎಂದರು, ನಾನು ಕೇಳದಿದ್ದರೂ.

ನೀರು ಹೊಯ್ಯಲು ನಾನು ಮಂಡಿಯೂರಲೇಬೇಕಾಯಿತು. ಆವಿ ಏಳುತ್ತಿತ್ತು. ಅಂಗೈಯಷ್ಟು ಬೆನ್ನು ಕೆಂಪಗಾಯಿತು, ಮುಷ್ಟಿ ಬಿಚ್ಚಿತು. ರಾತ್ರಿ ಇಗರ್ಜಿಯ ಪೂಜೆಯಲ್ಲಿ ಬಾಲಯೇಸುವಿನ ಪಾದಕ್ಕೆ ಮುತ್ತಿಟ್ಟು ಬಂದಿದ್ದೆ. ಆ ಪುಟ್ಟ ಪಾದವೇ ಇಲ್ಲಿ ನನ್ನ ಕೈಯಲ್ಲಿ ಒದೆಯುತ್ತಿತ್ತು. ನನ್ನ ಕೈ ನಿಂತಿತು.

"ಏನಮ್ಮ ಹಂಗೆ ನೋಡ್ತಾ ಕೂತೆ? ಹುಯ್ಯಿ ನೀರು!"

ಹೊಯ್ದೆ. ಮಗು ಬೀದಿಗೆಲ್ಲ ಕೇಳುವಂತೆ ಕಿರುಚಿತು. ಒರೆಸಿ, ನನ್ನ ಸೆರಗಲ್ಲಿ ಸುತ್ತಿ ತಾಯಿಯ ಎದೆಗಿಟ್ಟೆವು. ಬಾಯಿ ಹುಡುಕಿತು, ಬಿಟ್ಟಿತು, ಮತ್ತೆ ಹುಡುಕಿತು. ಅಜ್ಜಿ ಅವಳ ಬೆನ್ನು ನೀವುತ್ತಲೇ ಇದ್ದರು. ಕೊನೆಗೆ ಗುಟುಕರಿಸುವ ಸದ್ದು ಕೇಳಿತು.

ಮೂವರೂ ಉಸಿರು ಬಿಗಿಹಿಡಿದು ಅದನ್ನೇ ಕೇಳುತ್ತ ಕೂತೆವು.